ಟೀ ಹಂಡೆಯ ಜುಮ್ಮು

ಪಾಪ್ಲರ್ ಬೆಂಡ್, ಟಾಸ್ಮೇನಿಯಾ
ಭಾನುವಾರ, ಫೆಬ್ರವರಿ ೭, ೧೯೮೮

ಪ್ರೀತಿಯ ಬ್ರೋನಿ,

ಡರ್ವೆಂಟ್ ಕಣಿವೆಗೆ ಕರೆಂಟು ತಂದವನು ನಾನೇ. ಸರ್ಕಾರದವರು ಬಂದು ಕಂಬ ನೆಟ್ಟರು, ತಂತಿ ಎಳೆದರು, ಅಷ್ಟೇ. ಆ ತಂತಿಗೆ ಹತ್ತಲು ಒಪ್ಪದೆ ಕರೆಂಟು ಹಟ ಹಿಡಿದು ಕೂತಿದ್ದಾಗ, ಚಡ್ಡಿ ಹಾಕುವ ಹುಡುಗನಾಗಿದ್ದ ನಾನು ಕಂಬದ ಬುಡಕ್ಕೆ ಹೋಗಿ ನಾಲ್ಕು ಒಳ್ಳೆಯ ಮಾತಾಡಿದ ಮೇಲೆ ಅದು ಹೊರಟಿದ್ದು. ಇದು ಯಾವ ಪುಸ್ತಕದಲ್ಲೂ ಇಲ್ಲ. ಪುಸ್ತಕ ಬರೆಯುವವರು ನನ್ನನ್ನು ಕೇಳಲಿಲ್ಲ. ಇಷ್ಟು ಯಾಕೆ ಹೇಳಿದೆನೆಂದರೆ, ನಾನು ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟವನಾದರೂ ಕರೆಂಟಿನ ವಿಷಯದಲ್ಲಿ ನಿನ್ನಂಥ ಲೈಸೆನ್ಸಿನವಳ ಹತ್ತಿರ ಸಲಹೆ ಕೇಳುವವನಲ್ಲ. ಸುಮ್ಮನೆ ಒಂದು ಸಂಗತಿ ತಿಳಿಸುತ್ತೇನೆ. ಓದಿ ಏನು ಅನ್ನಿಸುತ್ತದೋ ಬರೆ.

ನೀನು ಆ ಮರಳುಗಾಡಿನಲ್ಲಿ ಚಿನ್ನ ಹುಡುಕುವವರ ಕ್ಯಾಂಪಿಗೆ ದೀಪ ಹಚ್ಚಿಕೊಡುತ್ತಾ ಕೂತಿದ್ದೀಯ. ಇಲ್ಲಿ ನಾನು ಬಿಯರು ಕುದಿಸುತ್ತಿದ್ದೇನೆ. ಮೊದಲೂ ಮಾಡುತ್ತಿದ್ದೆ, ಆದರೆ ಅದು ಡಬ್ಬಿಯ ಪಾಕಕ್ಕೆ ಬಿಸಿನೀರು ಸುರಿಯುವ ಮಕ್ಕಳಾಟ. ಈಗ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ತಂದು, ನೆನೆಸಿ, ಅದರ ಸಿಹಿನೀರು ಬಸಿದು, ಹಾಪ್ಸ್ ಹೂ ಹಾಕಿ ಮನೆಯೆಲ್ಲ ಘಮಗುಟ್ಟುವಂತೆ ಕುದಿಸುತ್ತೇನೆ. ಹೂವು ಎಲ್ಲಿಂದ ಬಂತು ಎಂದು ಕೇಳಬೇಡ. ಹೋದ ವರ್ಷ ಹೂವಿನ ಲಾರಿಗಳು ತಿರುವಿನಲ್ಲಿ ಸ್ವಲ್ಪ ಜೋರಾಗಿ ಹೋದವು. ನಾನು ತಿರುವಿನಲ್ಲೇ ವಾಸವಾಗಿದ್ದೇನೆ.

ಕುದಿಸುವುದು ನಮ್ಮೂರ ಸಮುದಾಯದ ಹಾಲ್‌ನ ಟೀ ಹಂಡೆಯಲ್ಲಿ. ನಿನಗೆ ನೆನಪಿದೆ, ಸೊಂಟದೆತ್ತರದ ಸ್ಟೀಲು ಹಂಡೆ, ತಳದಲ್ಲಿ ನೀರು ಕಾಯಿಸುವ ಕರೆಂಟಿನ ಕಾಯಿಲು, ಪಕ್ಕದಲ್ಲಿ ನಲ್ಲಿ. ಊರಲ್ಲಿ ಮದುವೆಯಾಗಲಿ ಮಣ್ಣಾಗಲಿ, ಅದರ ಪಕ್ಕ ನಿಂತು ಎಲ್ಲರಿಗೂ ಟೀ ಹಿಡಿಯುತ್ತಿದ್ದವಳು ನಿನ್ನ ಐವಿ ಚಿಕ್ಕಮ್ಮ. ಒಳಗೆ ಕಟ್ಟಿದ ಸುಣ್ಣ ಉಜ್ಜಬೇಕೆಂದು ಕಡೆಯ ಸಲ ಮನೆಗೆ ತಂದಿದ್ದಳು. ಅದು ಇಲ್ಲೇ ಉಳಿಯಿತು. ಹಾಲ್‌ನವರು ಕೇಳಲು ಸಂಕೋಚಪಟ್ಟರು, ನಾನು ಕೊಡಲು ಮರೆತೆ.

ತೊಂದರೆ ಇಷ್ಟು. ಇನ್ನೇನು ಕುದಿ ಬರಬೇಕು ಅನ್ನುವಾಗ, ಹೋದ ಸಲ ಬಂದವಳು ನೀನು ಮೀಟರಿನ ಪಕ್ಕ ಕೂರಿಸಿ ಹೋದೆಯಲ್ಲ ಸೇಫ್ಟಿ ಸ್ವಿಚ್ಚು, ಅದು ಟಪ್ ಎಂದು ಬೀಳುತ್ತದೆ. ದೀಪ ಹೋಯಿತು, ರೇಡಿಯೋ ಹೋಯಿತು, ಹಬೆ ಹೋಯಿತು. ಎತ್ತಿ ಹಾಕಿದರೆ ಮತ್ತೆ ಟಪ್. ಚಿಕ್ಕಂದಿನಲ್ಲಿ ನಿನಗಿದ್ದ ಹಟವೆಲ್ಲ ಅದಕ್ಕೆ ಬಂದಿದೆ.

ಬೆಳಿಗ್ಗೆ ಮಂಜು ನದಿಯ ಮೇಲಿಂದ ನಡೆದು ಬಂದು ಹಿತ್ತಲ ಬಾಗಿಲಲ್ಲಿ ನಿಲ್ಲುತ್ತದೆ. ಪಾಪ್ಲರ್ ಮರಗಳ ತುದಿಗಳು ಮಾತ್ರ ಮೇಲೆ ತೇಲುತ್ತಿರುತ್ತವೆ. ಬಟ್ಟೆ ಒಗೆಯುವ ಕೋಣೆಯೊಳಗೆ ಹಂಡೆಯ ಹಬೆ, ಹೊರಗೆ ಮಂಜು, ನಡುವೆ ಒಂದು ಕಿಟಕಿ. ಯಾವುದು ಒಳಗಿನದು, ಯಾವುದು ಹೊರಗಿನದು ಎಂದು ತಿಳಿಯದ ಒಂದು ಗಳಿಗೆ ಬರುತ್ತದೆ. ಸರಿಯಾಗಿ ಆ ಗಳಿಗೆಗೇ ನಿನ್ನ ಸ್ವಿಚ್ಚು ಬೀಳುತ್ತದೆ.

ಇಂತಿ,
ಕಣಿವೆಯ ಬೆಳಕು, ನಿನ್ನ ಚಿಕ್ಕಪ್ಪ
ಕ್ಲಾರಿ


ಡ್ರಿಲ್ಲಿಂಗ್ ಕ್ಯಾಂಪು, ಲಾವರ್ಟನ್ನಿನ ಆಚೆ
ಪಶ್ಚಿಮ ಆಸ್ಟ್ರೇಲಿಯಾ
ಫೆಬ್ರವರಿ ೧೬, ೧೯೮೮

ಚಿಕ್ಕಪ್ಪ,

ಕಣಿವೆಯ ಬೆಳಕಿಗೆ ನಮಸ್ಕಾರ. ನಿನ್ನ ಕಾಗದ ಓದಿ ಇಲ್ಲಿಯ ಅಡುಗೆಯವನು ಎರಡು ದಿನ ನಕ್ಕ. ಈಗ ನನ್ನ ಮಾತು ಕೇಳು.

ಆ ಸ್ವಿಚ್ಚಿಗೆ ಹಟವಿಲ್ಲ. ಅದು ಮಾಡುವುದು ಒಂದೇ ಕೆಲಸ: ಒಳಗೆ ಹೋದಷ್ಟು ಕರೆಂಟು ವಾಪಸು ಬರುತ್ತಿದೆಯೋ ಇಲ್ಲವೋ ನೋಡುತ್ತಿರುತ್ತದೆ. ದಾರಿಯಲ್ಲಿ ಎಲ್ಲೋ ಸೋರಿದರೆ ಬೀಳುತ್ತದೆ. ಸೋರುವುದು ಎಲ್ಲಿ ಎಂದು ನೀನು ಪತ್ತೆ ಮಾಡು. ಹಂಡೆಯನ್ನು ಕಿತ್ತು, ಅದೇ ಪಾಯಿಂಟಿಗೆ ಅಡುಗೆಮನೆಯ ಕೆಟಲ್ ಹಾಕಿ ನೀರು ಕಾಯಿಸು. ಸ್ವಿಚ್ಚು ಬೀಳದಿದ್ದರೆ ಮನೆಯ ವೈರಿಂಗಿನದು ತಪ್ಪಲ್ಲ. ಹಂಡೆಗೆ ಎಕ್ಸ್‌ಟೆನ್ಷನ್ ವೈರು ಹಾಕಿದ್ದರೆ ಅದನ್ನು ತೆಗೆದು ಗೋಡೆಗೇ ನೇರ ಹಾಕಿ ನೋಡು. ಪ್ಲಗ್ಗು ಒದ್ದೆಯಾಗಿದೆಯಾ ನೋಡು. ಇಷ್ಟಾದರೂ ಬಿದ್ದರೆ ಕಾಯಿಲಿನ ಮೈ ಸೀಳಿದೆ ಎಂದರ್ಥ. ತಣ್ಣಗಿದ್ದಾಗ ಸೀಳು ಮುಚ್ಚಿರುತ್ತದೆ, ಕಾದಾಗ ಬಾಯಿ ಬಿಡುತ್ತದೆ, ನೀರು ಒಳಕ್ಕಿಳಿಯುತ್ತದೆ. ಆಗ ಹಂಡೆಯನ್ನು ಬಳಸಬೇಡ. ಹೊಸ ಕಾಯಿಲು ಹಾಕಿಸಲು ಪೇಟೆಯ ಎಲೆಕ್ಟ್ರೀಷಿಯನ್ ಹತ್ತಿರ ಕೊಂಡುಹೋಗು. ನೀನೇ ಬಿಚ್ಚಬೇಡ.

ಇನ್ನೊಂದು. ವರಾಂಡದಲ್ಲಿ ಗ್ಯಾಸಿನ ಒಲೆ ಇದೆ, ದೊಡ್ಡ ಪಾತ್ರೆ ಇದೆ. ಹಂಡೆಯೇ ಯಾಕೆ ಬೇಕು? ಅಷ್ಟೊಂದು ಬಿಯರು ಕುಡಿಯುವವರಾದರೂ ಯಾರು?

ನಿನ್ನ,
ಬ್ರೋನಿ


ಪಾಪ್ಲರ್ ಬೆಂಡ್
ಫೆಬ್ರವರಿ ೨೬, ೧೯೮೮

ಪ್ರೀತಿಯ ಬ್ರೋನಿ,

ನೀನು ಹೇಳಿದ್ದನ್ನೆಲ್ಲ ಮಾಡಿದೆ, ನೀನು ಹೇಳುವ ಮೊದಲೇ ನನಗೆ ಹೊಳೆದಿದ್ದರಿಂದ. ಕೆಟಲ್ ಕಾಯಿತು, ಸ್ವಿಚ್ಚು ಕಮಕ್ ಕಿಮಕ್ ಅನ್ನಲಿಲ್ಲ. ಹಂಡೆಯನ್ನು ಗೋಡೆಗೇ ನೇರ ಹಾಕಿದೆ, ಟಪ್. ಪ್ಲಗ್ಗನ್ನು ಬಿಸಿಲಿಗೆ ಇಟ್ಟು, ಬ್ರೆಡ್ಡಿನ ಒಲೆಯಲ್ಲಿ ಇಟ್ಟು, ಕಡೆಗೆ ಅಂಗಿಯೊಳಗೆ ಎದೆಗೆ ಒತ್ತಿಕೊಂಡು ಒಣಗಿಸಿದೆ. ಟಪ್.

ಪೇಟೆಯ ಎಲೆಕ್ಟ್ರೀಷಿಯನ್ ಹತ್ತಿರ ಹೋಗುವ ಅಗತ್ಯ ಬೀಳಲಿಲ್ಲ. ನಾನೇ ರಿಪೇರಿ ಮಾಡಿದೆ. ಹೇಗೆಂದು ಹೇಳಿದರೆ ನೀವು ಲೈಸೆನ್ಸಿನವರೆಲ್ಲ ಕೆಲಸ ಕಳೆದುಕೊಳ್ಳುತ್ತೀರಿ. ಒಂದು ಸ್ಕ್ರೂ ಡ್ರೈವರು, ಒಂದು ಇಕ್ಕಳ, ಅರ್ಧ ಲೋಟ ಬಿಯರು, ಅಷ್ಟೇ ಸಾಮಾನು. ಆಮೇಲಿಂದ ಸ್ವಿಚ್ಚು ಬಾಯಿ ಮುಚ್ಚಿಕೊಂಡಿದೆ. ಹಂಡೆ ಬೆಳಿಗ್ಗೆ ಹಾಕಿದರೆ ಮಧ್ಯಾಹ್ನದವರೆಗೆ ಗುಳುಗುಳು ಎನ್ನುತ್ತಿರುತ್ತದೆ. ಇಡೀ ಕೋಣೆ ಮೋಡದ ಹೊಟ್ಟೆಯೊಳಗೆ ಇದ್ದಂತೆ. ಕಿಟಕಿಯ ಗಾಜಿನ ಮೇಲೆ ಹನಿಗಳು ಇಳಿಯುವುದನ್ನು ನೋಡುತ್ತಾ ನಿಂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ.

ಬಿಯರು ಯಾರು ಕುಡಿಯುತ್ತಾರೆ ಎಂದು ಕೇಳಿದ್ದೀಯ. ಮಂಚದ ಕೆಳಗೆ ಜಾಗವಿದೆ. ಮೊನ್ನೆ ಅಲ್ಲಿ ಒಂದು ಬಾಟಲಿ ಸಿಡಿಯಿತು. ಯಾರೋ ಬಾಗಿಲು ಬಡಿದರು ಎಂದುಕೊಂಡು ಎದ್ದು ಹೋಗಿ ತೆಗೆದೆ. ಮಂಜು ನಿಂತಿತ್ತು. ಒಳಗೆ ಬಾ ಎಂದೆ.

ನಿನ್ನ ಚಿಕ್ಕಪ್ಪ, ಎಲೆಕ್ಟ್ರೀಷಿಯನ್ನರ ಎಲೆಕ್ಟ್ರೀಷಿಯನ್,
ಕ್ಲಾರಿ


ಪಾಪ್ಲರ್ ಬೆಂಡ್
ಮಾರ್ಚ್ ೧೧, ೧೯೮೮

ಪ್ರೀತಿಯ ಬ್ರೋನಿ,

ನಿನ್ನ ಕಾಗದ ಬಂದಿಲ್ಲ. ನಿಮ್ಮ ಟಪಾಲಿನ ವಿಮಾನದವನು ಎಲ್ಲೋ ಮಲಗಿರಬೇಕು. ನೀನು ಬರೆಯದಿದ್ದರೂ ನಾನು ಬರೆಯುತ್ತೇನೆ, ಯಾಕೆಂದರೆ ಇದನ್ನು ಇಲ್ಲಿ ಯಾರಿಗೂ ಹೇಳುವಂತಿಲ್ಲ.

ತೋಟಗಳಲ್ಲಿ ಹಾಪ್ಸ್ ಹೂವು ಕೀಳುವ ಕೆಲಸ ಶುರುವಾಗಿದೆ. ಒಣಗಿಸುವ ಗೂಡುಗಳಿಗೆ ಬೆಂಕಿ ಹಾಕಿದ್ದಾರೆ. ಗಾಳಿ ಇತ್ತ ಬೀಸಿದರೆ ಊರಿಗೆ ಊರೇ ತೂಕಡಿಸುತ್ತದೆ. ಹಾಪ್ಸ್ ವಾಸನೆಗೆ ನಿದ್ದೆ ಬರುತ್ತದೆಂದು ನಿನ್ನ ಚಿಕ್ಕಮ್ಮ ದಿಂಬಿನೊಳಗೆ ಒಂದು ಹಿಡಿ ಹೂವು ತುಂಬುತ್ತಿದ್ದಳಲ್ಲ. ಆ ದಿಂಬು ಇನ್ನೂ ಇದೆ. ಹೂವು ಪುಡಿಯಾಗಿದೆ.

ಈಗ ನಾನು ಬಿಯರು ಮಾಡುತ್ತಿಲ್ಲ, ಬ್ರೋನಿ. ಬಾರ್ಲಿ ಮುಗಿದು ವಾರವಾಯಿತು. ಬರೀ ನೀರು ಕುದಿಸುತ್ತೇನೆ. ನಾಲ್ಕು ಹೂವು ಹಾಕುತ್ತೇನೆ, ಅಷ್ಟೇ. ಹಬೆ ಎದ್ದು ಚಾವಣಿ ಮುಟ್ಟಿ, ಮತ್ತೆ ಕೆಳಗಿಳಿದು, ನನ್ನ ಕುತ್ತಿಗೆಯವರೆಗೆ ಬಂದಾಗ ಹಂಡೆಯ ಆಚೆ ಬದಿಯಲ್ಲಿ ಯಾರೋ ನಿಂತಿರುತ್ತಾರೆ. ಮುಖ ಕಾಣುವುದಿಲ್ಲ. ಸೊಂಟದ ಮೇಲೆ ಒಂದು ಕೈ, ನಲ್ಲಿಯ ಮೇಲೆ ಒಂದು ಕೈ. ಹಾಗೆ ನಿಲ್ಲುವವರು ಈ ಕಣಿವೆಯಲ್ಲಿ ಒಬ್ಬರೇ ಇದ್ದರು. ಮಾತಾಡುವುದಿಲ್ಲ. ಮಾತಾಡದೆ ಇರುವುದು ಅವಳ ಸ್ವಭಾವವೇ ಅಲ್ಲ, ಅದಕ್ಕೇ ಮೊದಮೊದಲು ನನಗೆ ಅನುಮಾನವಿತ್ತು.

ಆದರೆ ಮೊನ್ನೆ ಹಂಡೆಯ ಅಂಚಿನ ಮೇಲೆ ಕೈ ಇಟ್ಟೆ. ಬ್ರೋನಿ, ಅಂಗೈಯಿಂದ ಮೊಣಕೈಯವರೆಗೆ ಜುಮ್ ಎಂದಿತು. ಸುಟ್ಟದ್ದಲ್ಲ, ಬಿಸಿ ನನಗೆ ಗೊತ್ತಿಲ್ಲವೇ. ಮೆಲ್ಲಗೆ, ಇರುವೆ ಹರಿದಂತೆ, ಮೈಯ ರೋಮವೆಲ್ಲ ಏಳುವಂತೆ. ನಮ್ಮ ಮದುವೆಗೆ ಮುಂಚೆ, ಹೂವು ಒಣಗಿಸುವ ಗೂಡಿನ ಮೆಟ್ಟಿಲಲ್ಲಿ ಚೀಲ ಎತ್ತಿಕೊಡುವಾಗ ಅವಳ ಕೈ ನನ್ನ ಕೈಗೆ ತಾಗಿದಾಗ ಆದದ್ದೂ ಇದೇ ಜುಮ್ಮು. ಆಮೇಲೆ ಇಷ್ಟು ವರ್ಷ ಸಂಸಾರ ಮಾಡಿದೆವು, ಆ ಜುಮ್ಮು ಎಲ್ಲಿ ಹೋಯಿತೆಂದು ನಾವಿಬ್ಬರೂ ವಿಚಾರಿಸಲಿಲ್ಲ. ಅದು ಈ ಹಂಡೆಯಲ್ಲಿತ್ತು. ಈಗ ದಿನವೂ ಒಂದು ಸಲ ಕೈ ಇಡುತ್ತೇನೆ. ಒಂದೇ ಸಲ. ದುರಾಸೆ ಮಾಡಬಾರದು.

ನಗಬೇಡ. ಅಡುಗೆಯವನಿಗೂ ಓದಿ ಹೇಳಬೇಡ.

ನಿನ್ನ ಚಿಕ್ಕಪ್ಪ,
ಕ್ಲಾರಿ


ಡ್ರಿಲ್ಲಿಂಗ್ ಕ್ಯಾಂಪು
ಮಾರ್ಚ್ ೧೯, ೧೯೮೮

ಚಿಕ್ಕಪ್ಪ,

ನಿನ್ನ ಎರಡು ಕಾಗದ ಒಟ್ಟಿಗೇ ಬಂದವು. ವಿಮಾನದವನು ಎಂಜಿನ್ ಆರಿಸದೆ ಕಾಯುತ್ತಿದ್ದಾನೆ, ನಿಂತುಕೊಂಡೇ ಬರೆಯುತ್ತಿದ್ದೇನೆ. ಇಲ್ಲಿ ರೇಡಿಯೋ ಬಿಟ್ಟರೆ ಬೇರೇನಿಲ್ಲ. ನೀನು ಮನೆಯ ಫೋನನ್ನೇ ತೆಗೆಸಿಬಿಟ್ಟಿದ್ದೀಯ. ಇದು ಆದಷ್ಟು ಬೇಗ ನಿನ್ನ ಕೈ ಸೇರಲಿ.

ಹಂಡೆಯನ್ನು ಮುಟ್ಟಬೇಡ. ಗೋಡೆಯ ಸ್ವಿಚ್ಚು ಆರಿಸು, ಪ್ಲಗ್ಗು ಕೀಳು, ಪ್ಲಗ್ಗಿನ ಹತ್ತಿರ ವೈರನ್ನೇ ಕತ್ತರಿಸಿ ಹಾಕು, ಮತ್ತೆ ಯಾರೂ ಹಾಕಬಾರದು.

ನೀನು ಇಕ್ಕಳ ಎಂದಾಗಲೇ ನನಗೆ ತಿಳಿಯಬೇಕಿತ್ತು. ಅರ್ಥಿಂಗ್ ವೈರು ಕತ್ತರಿಸಿದ್ದೀಯ. ಸೋರಿದ ಕರೆಂಟು ಆ ವೈರಿನಲ್ಲಿ ನೆಲಕ್ಕೆ ಹೋಗುತ್ತಿತ್ತು, ಅದಕ್ಕೇ ಸ್ವಿಚ್ಚು ಬೀಳುತ್ತಿತ್ತು. ವೈರು ಕತ್ತರಿಸಿದರೆ ಸೋರುವುದು ನಿಲ್ಲುವುದಿಲ್ಲ, ಹೋಗಲು ದಾರಿಯಿಲ್ಲದೆ ಹಂಡೆಯ ಮೈಯಲ್ಲೇ ಕಾದು ನಿಂತಿರುತ್ತದೆ, ಯಾರಾದರೂ ಮುಟ್ಟಲಿ ಎಂದು. ಆ ಜುಮ್ಮು ಅದೇ. ಗೋಡೆಯೊಳಗಿನ ಅದೇ ಕರೆಂಟು. ನೀನು ಬದುಕಿರುವುದು ಯಾವಾಗಲೂ ಹಾಕುವ ಆ ರಬ್ಬರ್ ಬೂಟಿನಿಂದ, ಒಗೆಯುವ ಕೋಣೆಗೆ ಹಾಸಿದ ಮರದ ಹಲಗೆಯಿಂದ, ಅದೂ ತಪ್ಪಿದರೆ ಬೀಳಲು ಆ ಸ್ವಿಚ್ಚು ಇದೆ ಅನ್ನುವುದರಿಂದ. ಒದ್ದೆ ಸಿಮೆಂಟಿನ ನೆಲದಲ್ಲಿ, ಸೇಫ್ಟಿ ಸ್ವಿಚ್ಚೇ ಇಲ್ಲದ ಹಳೆಯ ಫ್ಯೂಸಿನ ಮನೆಯಲ್ಲಿ ಯಾರಾದರೂ ಅದನ್ನು ಮುಟ್ಟಿದ್ದರೆ ಮೊದಲ ಸಲಕ್ಕೇ ಹೋಗುತ್ತಿದ್ದರು. ಮನುಷ್ಯ ಸಾಯುವಷ್ಟು ಕರೆಂಟಿಗೆ ಫ್ಯೂಸು ಕಣ್ಣು ಸಹ ಮಿಟುಕಿಸುವುದಿಲ್ಲ.

ಚಿಕ್ಕಮ್ಮನ ಬಗ್ಗೆ ಆಮೇಲೆ ಬರೆಯುತ್ತೇನೆ. ವಿಮಾನದವನು ಕೂಗುತ್ತಿದ್ದಾನೆ.

ಬ್ರೋನಿ


ಪಾಪ್ಲರ್ ಬೆಂಡ್
ಸೋಮವಾರ, ಮಾರ್ಚ್ ೨೮, ೧೯೮೮

ಪ್ರೀತಿಯ ಬ್ರೋನಿ,

ನಿನ್ನ ಕಾಗದ ಶನಿವಾರ ಸಿಕ್ಕಿತು. ಹೇಗೆ ಸಿಕ್ಕಿತೆಂದು ಕೇಳು.

ಹೂವು ಕಿತ್ತು ಮುಗಿದ ಮೇಲೆ ಹಾಲ್‌ನಲ್ಲಿ ಎಲ್ಲರಿಗೂ ಟೀ ಕೊಡುವ ಪದ್ಧತಿ ನಿನಗೆ ಗೊತ್ತಿದೆ. ಗುರುವಾರ ಡಲ್ಸಿ ಬಂದಳು. ಐವಿ ಹೋದಮೇಲೆ ಹಾಲ್‌ನ ಅಡುಗೆಮನೆಯಲ್ಲಿ ಅವಳದೇ ಕಾರುಬಾರು. ಬಾಗಿಲಲ್ಲಿ ನಿಂತು, ಹೋದ ವರ್ಷ ನಾಲ್ಕು ಕೆಟಲ್ ಇಟ್ಟುಕೊಂಡು ಜನರ ಬೈಗುಳ ತಿಂದದ್ದು ಸಾಕು, ಹಂಡೆ ಕೊಡು ಎಂದಳು. ಕೊಡುವುದಿಲ್ಲ ಎನ್ನಲು ನನ್ನ ಹತ್ತಿರ ಬಾಯಿಬಿಟ್ಟು ಹೇಳುವಂಥ ಕಾರಣವಿರಲಿಲ್ಲ. ಕೊಟ್ಟೆ. ರಿಪೇರಿ ಮಾಡಿಟ್ಟಿದ್ದೇನೆ, ಈಗ ಮೊದಲಿಗಿಂತ ಚೆನ್ನಾಗಿದೆ ಎಂದು ಜಂಬವನ್ನೂ ಸೇರಿಸಿ ಕೊಟ್ಟೆ. ಅವಳ ಗಾಡಿಯ ಹಿಂದೆ ಹಂಡೆ ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತಾ ನಿಂತಿದ್ದೆ. ಎರಡು ದಿನ ಮನೆಯಲ್ಲಿ ಹಬೆಯಿಲ್ಲ. ಕೋಣೆಯ ಮೂಲೆಗಳು ಕಾಣತೊಡಗಿದವು. ಎಷ್ಟು ಚಿಕ್ಕ ಕೋಣೆ ಅದು.

ಶನಿವಾರ ಮಧ್ಯಾಹ್ನ, ಟೀಗೆ ಹೋಗುವ ದಾರಿಯಲ್ಲಿ ಬೆಂಕಿಪೆಟ್ಟಿಗೆಗೆಂದು ಅಂಗಡಿಗೆ ಹೋದೆ. ಅಂಗಡಿಯವಳೇ ಪೋಸ್ಟಿನವಳೂ ಅಲ್ಲವೇ, ನಿನ್ನ ಕಾಗದ ಕೊಟ್ಟಳು. ಹೊರಗಿನ ಬೆಂಚಿನ ಮೇಲೆ ಕೂತು, ನನ್ನ ಓದು ನಿನಗೆ ಗೊತ್ತು, ಬೆರಳಿಟ್ಟುಕೊಂಡು ನಿಧಾನವಾಗಿ ಓದುತ್ತಾ ಬಂದೆ. ಜುಮ್ಮು ಅದೇ ಎನ್ನುವ ಕಡೆ ನಿಂತುಬಿಟ್ಟೆ. ಮುಂದೆ ಓದಲು ಮನಸ್ಸಿರಲಿಲ್ಲ. ಬಿಸಿಲು ಚೆನ್ನಾಗಿತ್ತು, ಹೂವಿನ ವಾಸನೆ ತುಂಬಿತ್ತು, ಕಾಗದ ಮಡಿಸಿ ಜೇಬಿಗಿಟ್ಟುಕೊಂಡು ಅಲ್ಲೇ ಕಣ್ಣು ಮುಚ್ಚಿದರೆ ಸಾಕು ಅನ್ನಿಸಿತ್ತು. ಆದರೂ ಬೆರಳು ಮುಂದಕ್ಕೆ ಹೋಯಿತು. ಒದ್ದೆ ಸಿಮೆಂಟು. ಹಳೆಯ ಫ್ಯೂಸು. ನಮ್ಮ ಹಾಲ್‌ನ ಅಡುಗೆಮನೆಯನ್ನು ನೀನು ಕಣ್ಣಾರೆ ನೋಡಿಕೊಂಡು ಬರೆದಂತಿತ್ತು.

ಓಡಿದೆ. ನಾನು ಓಡಿದ್ದನ್ನು ಈ ಊರಿನ ನಾಯಿಗಳೂ ನೋಡಿರಲಿಲ್ಲ. ಅವೂ ಜೊತೆಗೆ ಓಡಿ ಬಂದವು.

ಹಾಲ್ ತುಂಬಿತ್ತು. ಅಡುಗೆಮನೆಯಲ್ಲಿ ಹಂಡೆ ಆಗಲೇ ಹಬೆ ಬಿಡುತ್ತಿತ್ತು. ಪಾತ್ರೆ ತೊಳೆದ ನೀರು ನೆಲದ ಮೇಲೆ ಹರಿದಿತ್ತು. ಡಲ್ಸಿ ಒಂದು ಕೈಯಲ್ಲಿ ಟೀ ಪಾಟು ಹಿಡಿದು, ಸಿಂಕಿಗೆ ಒರಗಿ ನಿಂತು, ಸ್ಕೋನ್ ಬನ್ನಿಗೆ ಜಾಮ್ ಸವರುತ್ತಿದ್ದ ಹೆಂಗಸಿಗೆ ಏನೋ ಹೇಳುತ್ತಿದ್ದಳು. ಹಂಡೆಯ ಹಿಂದೆ ಹಬೆ, ಹಬೆಯಲ್ಲಿ ಅವಳ ಅರ್ಧ ಮುಖ. ಒಂದು ಗಳಿಗೆ ನಾನು ಯಾರನ್ನು ನೋಡುತ್ತಿದ್ದೇನೆಂದೇ ನನಗೆ ತಿಳಿಯಲಿಲ್ಲ. ಗೋಡೆಯ ಸ್ವಿಚ್ಚು ಹಂಡೆಯ ಹಿಂದಿತ್ತು, ಅಲ್ಲಿಗೆ ನನ್ನ ಕೈ ಎಟುಕುವ ಮೊದಲು ಅವಳ ಕೈ ನಲ್ಲಿಗೆ ಎಟುಕುತ್ತಿತ್ತು.

ಬ್ರೋನಿ, ಆಗಲೂ ನಾನು ನಿಜ ಹೇಳಲಿಲ್ಲ. ಬಾಯಿಗೆ ಮೊದಲು ಬಂದದ್ದು ಸುಳ್ಳು. ಆ ನೀರು ಕುಡಿಯಬೇಡಿ, ಹಂಡೆಯಲ್ಲಿ ನನ್ನ ಕಾಲುಚೀಲ ಕುದಿಸಿದ್ದೇನೆ ಎಂದೆ.

ಡಲ್ಸಿ ತಿರುಗಿ ಕೂಡ ನೋಡಲಿಲ್ಲ. "ನಿನ್ನ ಬಿಯರು ಕುಡಿದೇ ಬದುಕಿದೀವಿ ಕ್ಲಾರಿ, ಕಾಲುಚೀಲ ನಮ್ಮನ್ನ ಏನ್ ಮಾಡುತ್ತೆ?" ಎಂದು ಪಾಟನ್ನು ನಲ್ಲಿಯ ಕೆಳಗೆ ಹಿಡಿದಳು. ಎಲ್ಲರೂ ನಕ್ಕರು. ನಾನೂ ನಕ್ಕುಬಿಟ್ಟೆನೋ ಏನೋ. ಅವಳ ಇನ್ನೊಂದು ಕೈ ಮೇಲೆದ್ದಿತು.

"ಡಲ್ಸಿ, ಮುಟ್ಟಬೇಡ. ಅದರ ಅರ್ಥಿಂಗ್ ವೈರು ನಾನೇ ಕತ್ತರಿಸಿದೀನಿ. ಮುಟ್ಟಿದ್ರೆ ಸತ್ತುಹೋಗ್ತೀಯ."

ನನ್ನ ದನಿಯಲ್ಲಿ ಏನಿತ್ತೋ, ಅವಳ ಕೈ ಗಾಳಿಯಲ್ಲೇ ನಿಂತಿತು.  ಬಾಗಿಲ ಬಳಿಯ ಬೋರ್ಡಿಗೆ ಹೋಗಿ ಮೇನ್ ಸ್ವಿಚ್ಚು ಎಳೆದೆ. ದೀಪ ಹೋಯಿತು. ಮಬ್ಬಿನಲ್ಲಿ ಹಂಡೆ ಸ್ವಲ್ಪ ಹೊತ್ತು ಗುಳುಗುಳು ಎಂದು, ಆಮೇಲೆ ಅದೂ ಸುಮ್ಮನಾಯಿತು. ನೀನು ಹೇಳಿದಂತೆ ಪ್ಲಗ್ಗು ಕಿತ್ತು, ಎಲ್ಲರ ಎದುರಿಗೆ ವೈರು ಕತ್ತರಿಸಿದೆ. ಟೀ ಮಾಡಲು ನಾಲ್ಕು ಕೆಟಲ್‌ಗಳೇ ಬಂದವು. ಜನರ ಬೈಗುಳ ಈ ಸಲ ನನ್ನ ಪಾಲಿಗೆ ಬಂತು.

ಸಂಜೆ ಹಾಲ್‌ನ ಮೆಟ್ಟಿಲ ಮೇಲೆ ಡಲ್ಸಿ ಬಂದು ಪಕ್ಕದಲ್ಲಿ ಕೂತಳು. ಯಾಕೆ ಕತ್ತರಿಸಿದೆ ಎಂದು ಕೇಳಿದಳು. ಹೇಳಿದೆ. ಸ್ವಿಚ್ಚು ಬಿದ್ದರೆ ಹಬೆ ನಿಲ್ಲುತ್ತದೆ, ಹಬೆ ನಿಂತರೆ ಐವಿ ಹೋಗುತ್ತಾಳೆ ಎಂದೆ. ಜುಮ್ಮಿನ ವಿಷಯವನ್ನೂ ಹೇಳಿದೆ. ಡಲ್ಸಿ ಸೆರಗಿನ ಬಟ್ಟೆಗೆ ಕೈ ಒರೆಸಿಕೊಂಡಳು.

"ಐವಿ ಬಂದಿದ್ರೆ ಮೊದಲು ನಿನ್ನ ಕಪಾಳಕ್ಕೆ ಬಾರಿಸ್ತಿದ್ಲು. ಜುಮ್ ಅನ್ನಿಸೋಕೆ ಅವಳಿಗೆಲ್ಲಿತ್ತೋ ಪುರುಸೊತ್ತು?"

ಕಾಯಿಲು ಸೀಳಿಲ್ಲ, ಬ್ರೋನಿ ಈಚೆಗೆ ಆ ಹಂಡೆಯನ್ನು ಬಿಚ್ಚಿ ನೋಡಿಲ್ಲ, ಅಷ್ಟು ದೂರ ಕೂತು ಅವಳಿಗೇನು ಗೊತ್ತು ಎಂದು ನಾನು ವಾದಿಸಿದೆ. ಸ್ವಿಚ್ಚೇ ಕೆಟ್ಟಿರಬಹುದು. ಸೋರಿಕೆಯೇ ಇಲ್ಲದಿದ್ದರೆ ಜುಮ್ಮು ಎಲ್ಲಿಂದ ಬಂತು, ಅದಕ್ಕೆ ಉತ್ತರ ಹೇಳು ಎಂದೆ. ಡಲ್ಸಿ ಬಾಜಿ ಕಟ್ಟು ಎಂದಳು. ಕಟ್ಟಿದೆ. ಐದು ಡಾಲರು. ನೀನು ಬಂದು ಸೋರಿಕೆ ಅಳೆಯುವ ಮೀಟರ್ ಇಟ್ಟು ಹೇಳಬೇಕು: ಹಂಡೆ ಸೋರುತ್ತಿದ್ದರೆ ಅವಳು ಗೆದ್ದಳು, ಸೋರದಿದ್ದರೆ ನಾನು.

ನಿನ್ನ ಚಿಕ್ಕಪ್ಪ,
ಕ್ಲಾರಿ


ಡ್ರಿಲ್ಲಿಂಗ್ ಕ್ಯಾಂಪು
ಏಪ್ರಿಲ್ ೯, ೧೯೮೮

ಚಿಕ್ಕಪ್ಪ,

ಡಲ್ಸಿಯನ್ನು ಸಿಂಕಿಗೆ ಒರಗಿ ನಿಂತಂತೆಯೇ ಕನಸಿನಲ್ಲಿ ನೋಡುತ್ತಿದ್ದೇನೆ. ನೀನು ಓಡಿದೆಯಲ್ಲ, ಅಷ್ಟು ಸಾಕು.

ಮೇ ತಿಂಗಳಲ್ಲಿ ರಜೆ ಕೊಟ್ಟಿದ್ದಾರೆ, ಬರುತ್ತೇನೆ. ಹಂಡೆಯನ್ನು ಎಸೆಯಬೇಡ, ಯಾರೂ ಮುಟ್ಟದಂತೆ ಎತ್ತಿಡು.

ಚಿಕ್ಕಮ್ಮ ಹೋದಾಗ ನಾನು ಮಣ್ಣಿಗೆ ಬಂದು ಮೂರನೇ ದಿನಕ್ಕೇ ವಿಮಾನ ಹತ್ತಿದೆ. ನಿನ್ನ ಹತ್ತಿರ ಅವಳ ಮಾತೇ ಎತ್ತಲಿಲ್ಲ, ಗೋಡೆಗೆ ಸ್ವಿಚ್ಚು ಹಾಕಿ ಹೊರಟುಬಿಟ್ಟೆ. ನನಗೆ ಮಾಡಲು ಬರುತ್ತಿದ್ದದ್ದು ಅದೊಂದೇ. ಇಲ್ಲಿ ರಾತ್ರಿ ಕೊರೆಯುವ ಚಳಿ. ಅವಳು ಹೆಣೆದ ಸ್ವೆಟರ್ ತಲೆಯ ಮೇಲಿಂದ ಎಳೆದುಕೊಳ್ಳುವಾಗ ಕತ್ತಲಲ್ಲಿ ಚಟಚಟ ಎಂದು ಸಣ್ಣ ಕಿಡಿಗಳು ಹಾರುತ್ತವೆ. ಅದು ಯಾಕೆಂದು ನನಗೆ ಚೆನ್ನಾಗಿ ಗೊತ್ತು. ಆದರೂ ನಿಧಾನವಾಗಿ ಎಳೆದುಕೊಳ್ಳುತ್ತೇನೆ.

ಬಾಜಿಯ ವಿಷಯ. ನನ್ನ ಮೀಟರ್ ಸುಳ್ಳು ಹೇಳುವುದಿಲ್ಲ. ಒಂದು ಸಲ ಹೇಳಲಿ ಎಂದು ನನಗೂ ಆಸೆ ಇದೆ.

ನಿನ್ನ,
ಬ್ರೋನಿ


ಪಾಪ್ಲರ್ ಬೆಂಡ್
ಜೂನ್ ೫, ೧೯೮೮

ಪ್ರೀತಿಯ ಬ್ರೋನಿ,

ನೀನು ಹೊರಟ ದಿನದಿಂದ ಹಿಮ ಗುಡ್ಡದ ಅರ್ಧದವರೆಗೆ ಇಳಿದಿದೆ. ಪಾಪ್ಲರ್ ಮರಗಳಲ್ಲಿ ಒಂದು ಎಲೆಯಿಲ್ಲ. ಮಂಜು ಈಗ ಮಧ್ಯಾಹ್ನದವರೆಗೂ ಎದ್ದು ಹೋಗುವುದಿಲ್ಲ, ಕೆಲಸವಿಲ್ಲದ ನೆಂಟನ ಹಾಗೆ.

ನೀನಿದ್ದಾಗ ನಾವು ಹಂಡೆಗೆ ಮೀಟರ್ ಇಟ್ಟ ದಿನದ ಬಗ್ಗೆ ಮಾತಾಡಲಿಲ್ಲ. ಕಾಗದದಲ್ಲಿಯೇ ನಮಗಿಬ್ಬರಿಗೂ ಬಾಯಿ ಬರುವುದು.

ನೀನು ಆ ಕೈಯಲ್ಲಿ ತಿರುಗಿಸುವ ಹಳೆಯ ಮೀಟರನ್ನು ಒಗೆಯುವ ಕೋಣೆಯ ಕಟ್ಟೆಯ ಮೇಲಿಟ್ಟೆ. ಡಲ್ಸಿ ಕುರ್ಚಿ ಎಳೆದುಕೊಂಡು ಬಾಗಿಲಲ್ಲಿ ಕೂತಳು, ನ್ಯಾಯಾಧೀಶರ ಹಾಗೆ. ಮೊದಲು ತಣ್ಣಗಿನ ಹಂಡೆ. ಮೀಟರಿನ ಒಂದು ತುದಿ ಹಂಡೆಯ ಕತ್ತರಿಸಿದ ವೈರಿಗೆ, ಒಂದು ಹಂಡೆಯ ಮೈಗೆ ಸಿಕ್ಕಿಸಿ ಹಿಡಿ ತಿರುಗಿಸಿದೆ. ಮುಳ್ಳು ಮೇಲಕ್ಕೇರಿ ಕೊನೆಯಲ್ಲಿ ನಿಂತಿತು. ಸೋರಿಕೆಯಿಲ್ಲ ಎಂದೆ ನೀನು. ಹಾಗಾದರೆ ನಾನೇ ಗೆದ್ದೆ. ನೀನು ತಲೆಯೆತ್ತಿ ನನ್ನನ್ನು ನೋಡಿದೆ. ಹಿಡಿಯ ಮೇಲೆ ಕೈ ಹಾಗೇ ಇತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಬೇಕೆಂದು ನಿನಗೂ ಅನ್ನಿಸಿತು, ನನಗೆ ಕಾಣಿಸಿತು.

ಆದರೆ ನೀನು ಹೊಸ ವೈರು ಹಾಕಿದೆ, ಅರ್ಥಿಂಗ್ ಸಮೇತ. ನೀರು ತುಂಬಿದೆ. ನಾವು ಮೂವರೂ ಕಾದೆವು. ಹಬೆ ಎದ್ದಿತು. ಚಾವಣಿ ಮುಟ್ಟಿತು. ಕಿಟಕಿ ಕಾಣದಾಯಿತು. ಡಲ್ಸಿ ಕೂಡ ಹಂಡೆಯ ಆಚೆ ಬದಿಯನ್ನೇ ನೋಡುತ್ತಿದ್ದಳು, ಆಮೇಲೆ ಇಲ್ಲವೆಂದು ಸಾಧಿಸಿದಳು. ಟಪ್.

ಅಷ್ಟಕ್ಕೇ ಉತ್ತರ ಸಿಕ್ಕಿತ್ತು. ಆದರೂ ನೀನು ಪ್ಲಗ್ಗು ಕಿತ್ತು ಮತ್ತೊಮ್ಮೆ ಮೀಟರ್ ತಿರುಗಿಸಿದೆ, ನನಗೋಸ್ಕರ ಎಂದುಕೊಂಡಿದ್ದೇನೆ. ಮುಳ್ಳು ಈ ಸಲ ಸೊನ್ನೆಯ ಪಕ್ಕ, ಸೋರಿಕೆಯ ಕಡೆ, ಮಲಗಿಬಿಟ್ಟಿತು, ನಿದ್ದೆ ಬಂದವರ ಹಾಗೆ. ನೀನು ಮೀಟರಿನ ವೈರು ಸುತ್ತತೊಡಗಿದೆ. ಡಲ್ಸಿ ಎದ್ದು ಕುರ್ಚಿಯನ್ನು ಒಳಗೆ ಇಟ್ಟು ಬಂದಳು.

ನೀನು ಹಾಕಿಕೊಟ್ಟ ಹೊಸ ಕಾಯಿಲು ಚೆನ್ನಾಗಿದೆಯಂತೆ. ಹಂಡೆ ಈಗ ಹಾಲ್‌ನಲ್ಲಿದೆ, ಅಲ್ಲಿಯ ಬೋರ್ಡಿಗೂ ನೀನು ಸ್ವಿಚ್ಚು ಕೂರಿಸಿದ ಮೇಲೆ ಹೆಂಗಸರು ಅದರ ಕೆಳಗೆ ನಿನ್ನ ಹೆಸರು ಬರೆದಿದ್ದಾರೆ. ಹೋದ ಭಾನುವಾರ ಹೋಗಿ ಹಂಡೆಯ ಅಂಚಿನ ಮೇಲೆ ಕೈ ಇಟ್ಟೆ. ಬಿಸಿ, ಅಷ್ಟೇ. ಡಲ್ಸಿ ನೋಡಿದಳು, ಒಂದು ಲೋಟ ಟೀ ಕೈಗಿಟ್ಟಳು. ಬಿಯರನ್ನು ಈಗ ವರಾಂಡದ ಗ್ಯಾಸಿನ ಮೇಲೆ ಕುದಿಸುತ್ತೇನೆ. ಗಾಳಿಗೆ ಹಬೆ ನಿಲ್ಲುವುದಿಲ್ಲ, ನದಿಯ ಕಡೆ ಹೊರಟುಹೋಗುತ್ತದೆ. ಹೋಗಲಿ. ಎಷ್ಟು ಹೊತ್ತು ನಿನ್ನ ಚಿಕ್ಕಮ್ಮನನ್ನು ನಿಲ್ಲಿಸಿಕೊಳ್ಳುವುದು, ಜೀವಮಾನವೆಲ್ಲ ನಿಂತೇ ಇದ್ದವಳು.

ಒಂದು ಮಾತು ಉಳಿದಿದೆ. ನೀನು ಹೊರಡುವ ದಿನ ಡಲ್ಸಿ ಗೇಟಿನಲ್ಲಿ ಕೈ ಚಾಚಿದ್ದು, ನಾನು ಮಡಿಸಿದ ನೋಟು ಇಟ್ಟದ್ದು ನೀನು ನೋಡಿದೆ. ಐದು ಡಾಲರಿಗೆ ಮುಖ ಅಷ್ಟೊಂದು ಯಾಕೆ ಬಾಡಿದೆ ಎಂದು ನಗಾಡಿದೆ. ಡಲ್ಸಿ ಮೊದಲು ತೆಗೆದುಕೊಳ್ಳಲು ಒಪ್ಪಿರಲಿಲ್ಲ. ಬಾಜಿ ಕಟ್ಟುವಾಗಲೇ ಬೇಡ ಕ್ಲಾರಿ, ಅಷ್ಟು ಕಟ್ಟಬೇಡ ಎಂದಿದ್ದಳು. ನಾನೇ ಬಿಡಲಿಲ್ಲ. ಆ ಸಂಜೆ ಮೆಟ್ಟಿಲ ಮೇಲೆ ಕೂತಿದ್ದಾಗ, ಜುಮ್ಮು ಐವಿಯದೇ ಎಂದು ನನಗೆ ಅಷ್ಟು ಖಾತ್ರಿಯಿತ್ತು.

ಐದಲ್ಲ, ಮಗಳೇ. ಇನ್ನೂರು ಡಾಲರು. ಪಿಂಚಣಿಯ ಒಂದು ಕಂತು, ಹೆಚ್ಚುಕಡಿಮೆ ಪೂರ್ತಿ.

ನಿನ್ನ ಚಿಕ್ಕಪ್ಪ,
ಕ್ಲಾರಿ